ಕೆಂಪು ಬಟ್ಟೆ ಪರ್ಮಿಟ್ ಅಲ್ಲ: ಬೆಂಗಳೂರಿನಿಂದ ಓ.ಡಿ.ಸಿ. ಲೋಡ್ ಕಳಿಸುವ ಮುಂಚೆ

ಪೀಣ್ಯ ಎರಡನೇ ಹಂತದಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ರಸ್ತೆ ಬದಿ ನಿಂತು ನೋಡಿ. ಸ್ವಲ್ಪ ಹೊತ್ತಿನಲ್ಲೇ ಒಂದು 407 ಗಾಡಿ ಹೋಗುತ್ತದೆ. ಹಿಂಬಾಗಿಲು ಇಳಿಬಿಟ್ಟಿರುತ್ತಾರೆ. ಕಬ್ಬಿಣದ ಸರಳುಗಳು ಮೂರು ಅಡಿ ಆಚೆ ಚಾಚಿಕೊಂಡು ಪ್ರತಿ ಹಂಪ್‌ಗೂ ಮೇಲೆ ಕೆಳಗೆ ಕುಣಿಯುತ್ತಿರುತ್ತವೆ. ತುದಿಗೊಂದು ಕೆಂಪು ಬಟ್ಟೆ. ಹತ್ತಿರದಿಂದ ನೋಡಿದರೆ ಯಾವುದೋ ಹಳೇ ಲಂಗದ ಚೂರು, ಗ್ರೀಸ್ ಹತ್ತಿ ಕಂದು ಬಣ್ಣಕ್ಕೆ ತಿರುಗಿದೆ. ಡ್ರೈವರಣ್ಣನನ್ನು ಕೇಳಿದರೆ ಉತ್ತರ ರೆಡಿ: "ಬಟ್ಟೆ ಕಟ್ಟಿದ್ದೀನಲ್ಲ ಸಾರ್!"

ಈ ಮಾತನ್ನು ನಾನೂ ಹಲವು ವರ್ಷ ನಂಬಿದ್ದೆ. ಬಟ್ಟೆ ಕಟ್ಟಿದರೆ ಲೋಡ್ ಎಷ್ಟು ಬೇಕಾದರೂ ಚಾಚಬಹುದು ಅಂತ. ಹಿಂದೆ ಕಾನೂನಿನಲ್ಲೂ ಒಂದು ಸಣ್ಣ ಸಂದು ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಲ್ಲಿ, ಕಂಬ, ಸರಳಿನಂಥ ಸಾಮಾನು ಗಾಡಿಯ ಹಿಂದೆ ಒಂದು ಮೀಟರ್ ತನಕ ಚಾಚಿಕೊಳ್ಳಲು ರಿಯಾಯಿತಿ ಇತ್ತು. ಇಂಥ ಸರಳುಗಳಿಗೆ ಹಿಂದಿನಿಂದ ಬಂದವರು ಗುದ್ದಿ ಸತ್ತದ್ದು ಒಂದಲ್ಲ ಎರಡಲ್ಲ. 2014ರಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಿದರು. ಈಗ ಲೋಡ್ ಗಾಡಿಯ ಪಕ್ಕಕ್ಕೂ ಮುಂದಕ್ಕೂ ಹಿಂದಕ್ಕೂ ಚಾಚುವಂತಿಲ್ಲ, ಎತ್ತರದ ಮಿತಿ ಮೀರುವಂತಿಲ್ಲ. ಮೀರಲೇಬೇಕು ಅಂದರೆ ಮೊದಲು ಅನುಮತಿ, ಆಮೇಲೆ ಬಾವುಟ.

ಅನುಮತಿ ಇಲ್ಲದೆ ಹೋದರೆ? ಮೋಟಾರು ವಾಹನ ಕಾಯ್ದೆಯ 194(1ಎ) ಕಲಂ ಪ್ರಕಾರ 20,000 ರೂಪಾಯಿ ದಂಡ. 2019ರ ತಿದ್ದುಪಡಿಯಲ್ಲಿ ಬಂದ ಕಲಂ ಇದು. ದಂಡ ಕಟ್ಟಿದೆ, ಹೊರಟೆ ಅನ್ನುವ ಹಾಗೂ ಇಲ್ಲ. ಲೋಡ್ ಸರಿಮಾಡುವ ತನಕ ಗಾಡಿ ಕದಲುವಂತಿಲ್ಲ, ಇಳಿಸುವ ಖರ್ಚೂ ನಿಮ್ಮದೇ. ನಡುದಾರಿಯಲ್ಲಿ ಕ್ರೇನ್ ಹುಡುಕಿದವರಿಗೆ ಗೊತ್ತು, ದಂಡಕ್ಕಿಂತ ಕ್ರೇನ್ ಬಾಡಿಗೆಯೇ ಜಾಸ್ತಿ ಸುಡುತ್ತದೆ. ಆದರೆ ಅದೇ ಕಲಂನಲ್ಲಿ ಒಂದು ದಾರಿಯನ್ನೂ ಬಿಟ್ಟಿದ್ದಾರೆ. ಸಂಬಂಧಪಟ್ಟ ಅಧಿಕಾರಿಯಿಂದ ಆ ಲೋಡ್‌ಗೆ ವಿನಾಯಿತಿ ಪಡೆದಿದ್ದರೆ ಈ ದಂಡ ಅನ್ವಯಿಸುವುದಿಲ್ಲ.

ಆ ವಿನಾಯಿತಿ ಪಡೆದು, ಲೋಡ್ ಕಟ್ಟಿ, ಬಾವುಟ ಏರಿಸಿ, ಇಳಿಸಿ ಬರುವ ತನಕದ ಕೆಲಸವನ್ನು ಇಲ್ಲಿ ಬರೆದಿದ್ದೇನೆ. ಒಂದೆರಡು ಟ್ರೈಲರ್ ಇಟ್ಟುಕೊಂಡವರಿಗೆ, ವರ್ಷಕ್ಕೊಂದು ದೊಡ್ಡ ಮೆಷಿನ್ ಕಳಿಸುವ ಸಣ್ಣ ಫ್ಯಾಕ್ಟರಿಯವರಿಗೆ ಇದು. ನಮ್ಮ ಲೈನಿನಲ್ಲಿ ಇದನ್ನು ಓ.ಡಿ.ಸಿ. ಅನ್ನುತ್ತೇವೆ. ಅಂದರೆ ಓವರ್ ಡೈಮೆನ್ಷನಲ್ ಕಾರ್ಗೋ, ಅಳತೆ ಮೀರಿದ ಸರಕು. ಚುಕ್ಕಿ ಬಿಟ್ಟು "ಓಡಿಸಿ" ಅಂತ ಓದಿಕೊಂಡು ಸುಮ್ನೆ ಓಡಿಸಿಬಿಡುವವರೂ ಇದ್ದಾರೆ!

ಮೊದಲು ಟೇಪ್ ಹಿಡಿಯಿರಿ

ನೆನಪಿಡಬೇಕಾದ ಅಳತೆಗಳು ಕಡಿಮೆಯೇ. ಅಗಲ 2.6 ಮೀಟರ್. ಸರಕು ಗಾಡಿಯ ಎತ್ತರ, ನೆಲದಿಂದ ಲೋಡ್‌ನ ತುದಿಯ ತನಕ, 4 ಮೀಟರ್. 2020ಕ್ಕೆ ಮುಂಚೆ ಇದು 3.8 ಇತ್ತು. ಹಳಬರು ಈಗಲೂ ಆ ಲೆಕ್ಕವನ್ನೇ ಹೇಳುತ್ತಾರೆ. ಐಎಸ್‌ಓ ಕಂಟೇನರ್‌ಗೆ ಎತ್ತರದ ಮಿತಿ ಬೇರೆ. ಟ್ರೈಲರ್ ಅಲ್ಲದ ಒಂಟಿ ಲಾರಿಯ ಉದ್ದ 12 ಮೀಟರ್. ಟ್ರೈಲರ್ ಆದರೆ ಆರ್‌ಸಿಯಲ್ಲಿ ಬರೆದ ಉದ್ದ ನೋಡಿಕೊಳ್ಳಿ, ಅದರ ಬಾಡಿಯಿಂದ ಲೋಡ್ ಆಚೆ ಬಂತೋ ಇಲ್ಲವೋ ಅನ್ನುವುದೇ ಪ್ರಶ್ನೆ. ಅಂದಹಾಗೆ, ಅಮೆರಿಕದವರ ಹೆದ್ದಾರಿಯಲ್ಲೂ ಪರ್ಮಿಟ್ ಇಲ್ಲದೆ ಹೋಗಬಹುದಾದ ಅಗಲ 102 ಇಂಚು. ಲೆಕ್ಕ ಹಾಕಿದರೆ ಅದೂ ಹೆಚ್ಚುಕಮ್ಮಿ 2.6 ಮೀಟರೇ.

ಅಳತೆ ತೆಗೆಯುವುದು ಸುಲಭ ಅನ್ನಿಸುತ್ತದೆ, ಅಲ್ವಾ? ನಾನು ಎಡವಿದ್ದು ಅಲ್ಲೇ. ಜಿಗಣಿಯಿಂದ ಒಂದು ಪ್ರೆಸ್ ಮೆಷಿನ್‌ನ ಫ್ರೇಮ್ ಕಳಿಸಬೇಕಿತ್ತು. ಅಗಲ 3.2 ಮೀಟರ್, ಹಾಗಾಗಿ ಅನುಮತಿ ಬೇಕೇ ಬೇಕು. ಎತ್ತರ ಡ್ರಾಯಿಂಗ್‌ನಲ್ಲಿ 2.85 ಮೀಟರ್. ನಮ್ಮ ಲೋ-ಬೆಡ್, ಅಂದರೆ ತಗ್ಗು ಹಾಸಿನ ಟ್ರೈಲರ್, ಅದರ ಹಾಸು ನೆಲದಿಂದ 95 ಸೆಂಟಿಮೀಟರ್. ಕೂಡಿದರೆ 3.80. ಅರ್ಜಿಯಲ್ಲಿ ಅದನ್ನೇ ಬರೆದೆ. ಲೋಡ್ ಮಾಡುವಾಗ ಹುಡುಗರು ಫ್ರೇಮ್ ಕೆಳಗೆ ನಾಲ್ಕು ಇಂಚಿನ ಮರದ ದಿಮ್ಮಿ ಕೊಟ್ಟರು. ಕೊಡಲೇಬೇಕು. 3.90 ಆಯಿತು. ಮೆಷಿನ್ ತಲೆಯ ಮೇಲೆ ಕ್ರೇನ್ ಕೊಕ್ಕೆ ಹಾಕುವ ಎರಡು ಐ-ಬೋಲ್ಟ್ ಇದ್ದವು, 14 ಸೆಂಟಿಮೀಟರ್ ಎತ್ತರದವು. ಡ್ರಾಯಿಂಗ್‌ನಲ್ಲಿ ಅವು ಇರಲೇ ಇಲ್ಲ. ಒಟ್ಟು 4.04.

ನೆಲಮಂಗಲದ ಆಚೆ ತಪಾಸಣೆಯವರು ಗಾಡಿ ನಿಲ್ಲಿಸಿ ಅಳೆದರು. ರಸ್ತೆ ಬದಿಯಲ್ಲೇ ಪೈಪ್ ರೆಂಚ್ ಹಾಕಿ ಐ-ಬೋಲ್ಟ್ ಬಿಚ್ಚಿದೆವು. 3.90ಕ್ಕೆ ಇಳಿಯಿತು, ಮಿತಿಯ ಒಳಗೇ ಬಂತು. ಆದರೆ ಪತ್ರದಲ್ಲಿ ಇದ್ದದ್ದು 3.80. "ಪತ್ರದ ಲೋಡ್ ಇದಲ್ಲ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಿದ್ದಿದ ಪತ್ರ ಕೈಗೆ ಬರುವ ತನಕ ಗಾಡಿ ಒಂದು ಢಾಬಾ ಪಕ್ಕ ನಿಂತಿತು.

ಆವತ್ತಿನಿಂದ ಡ್ರಾಯಿಂಗ್ ನೋಡಿ ನಾನು ಅರ್ಜಿ ಬರೆಯುವುದಿಲ್ಲ. ಫ್ಯಾಕ್ಟರಿಗೇ ಹೋಗಿ ಮೆಷಿನ್‌ಗೆ ಟೇಪ್ ಹಿಡಿಯುತ್ತೇನೆ. ಮೋಟಾರು, ಪೈಪು, ಹಿಡಿಕೆ, ಕೊಕ್ಕೆ, ಟಾರ್ಪಾಲಿನ ಗಂಟು, ಎಲ್ಲ ಸೇರಿಸಿ. ಅದಕ್ಕೆ ಹಾಸಿನ ಎತ್ತರ, ದಿಮ್ಮಿಯ ಎತ್ತರ ಕೂಡಿಸುತ್ತೇನೆ. ಮೇಲೆ ಐದು ಸೆಂಟಿಮೀಟರ್ ಕೈಯಳತೆ ಬಿಡುತ್ತೇನೆ. ಲೋಡ್ ಆದ ಮೇಲೆ ಹೊರಡುವ ಮುಂಚೆ ಮತ್ತೊಮ್ಮೆ ಅಳೆದು, ಟೇಪ್ ಕಾಣುವ ಹಾಗೆ ಫೋಟೋ ಹೊಡೆಯುತ್ತೇನೆ.

ಬಿಚ್ಚಲು ಬರುತ್ತದೆಯೇ?

ಅನುಮತಿ ಕೇಳುವ ಮುಂಚೆ ಈ ಪ್ರಶ್ನೆಗೆ ನಿಯತ್ತಾಗಿ ಉತ್ತರ ಹೇಳಿಕೊಳ್ಳಿ. ಓ.ಡಿ.ಸಿ. ಅಂದರೆ ಭಾಗ ಮಾಡಲು ಬಾರದ ಒಂದೇ ಸಾಮಾನು. ಟ್ರಾನ್ಸ್‌ಫಾರ್ಮರ್ ಟ್ಯಾಂಕ್, ಬಾಯ್ಲರ್, ಗಾಳಿಯಂತ್ರದ ರೆಕ್ಕೆ, ಮೆಟ್ರೋ ಗರ್ಡರ್, ಇಂಥವು. ಸರಳು, ಬೊಂಬು, ಪಿವಿಸಿ ಪೈಪು, ಮೂರು ಪೆಟ್ಟಿಗೆ ಅಡ್ಡಡ್ಡ ಜೋಡಿಸಿದ್ದು ಇವೆಲ್ಲ ಓ.ಡಿ.ಸಿ. ಅಲ್ಲ. ಅವಕ್ಕೆ ಉದ್ದದ ಗಾಡಿ ತನ್ನಿ, ಇಲ್ಲವೇ ಎರಡು ಟ್ರಿಪ್ ಹೊಡೆಯಿರಿ. 407ರಲ್ಲಿ ಸರಳು ಹೇರಿದ ಅಣ್ಣನಿಗೆ ಹೇಳಬೇಕಾದದ್ದೂ ಇಷ್ಟೇ.

ಮೆಷಿನ್‌ನ ಪಕ್ಕದ ಪ್ಲಾಟ್‌ಫಾರ್ಮ್, ಏಣಿ, ಪ್ಯಾನಲ್ ಬಾಕ್ಸ್ ಬಿಚ್ಚಿದರೆ 2.6ರ ಒಳಗೆ ಬರುತ್ತದೆಯೇ ನೋಡಿ. ಅರ್ಧ ದಿನ ಫಿಟ್ಟರ್ ಕೂಲಿ ಕೊಟ್ಟರೆ ಹಲವು ದಿನಗಳ ಅಲೆದಾಟ ತಪ್ಪುತ್ತದೆ. ಫ್ಯಾಕ್ಟರಿಯವರು "ಬಿಚ್ಚಿದರೆ ಅಲೈನ್‌ಮೆಂಟ್ ಹೋಗುತ್ತೆ" ಅನ್ನುತ್ತಾರೆ. ಕೆಲವು ಸಲ ಅದು ನಿಜ. ಕೆಲವು ಸಲ ಸೋಮಾರಿತನ. ಬಿಚ್ಚಲು ಆಗುವುದಿಲ್ಲ ಅನ್ನುವುದಾದರೆ ಅದನ್ನೇ ಕಂಪನಿ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಅರ್ಜಿ ಜೊತೆ ಆ ಪತ್ರ ಬೇಕಾಗುತ್ತದೆ.

ಗಾಡಿ ಮತ್ತು ತೂಕ

ಅಗಲ ಒಂದು ಸಮಸ್ಯೆ, ತೂಕ ಇನ್ನೊಂದು. ಒಂದಕ್ಕೆ ಪಡೆದ ಅನುಮತಿ ಇನ್ನೊಂದಕ್ಕೆ ನಡೆಯುವುದಿಲ್ಲ. 2018ರ ಜುಲೈನಲ್ಲಿ ಬಂದ ಆದೇಶದ ಪ್ರಕಾರ ನಾಲ್ಕು ಚಕ್ರದ ಒಂದು ಆಕ್ಸಲ್ ಮೇಲೆ 11.5 ಟನ್, ಜೋಡಿ ಆಕ್ಸಲ್ ಮೇಲೆ 21 ಟನ್. ಹೈಡ್ರಾಲಿಕ್ ಮಾಡ್ಯುಲರ್ ಟ್ರೈಲರ್‌ನಲ್ಲಿ ಎಂಟು ಟೈರಿನ ಒಂದು ಸಾಲಿಗೆ 18 ಟನ್. ಓವರ್‌ಲೋಡ್ ಸಿಕ್ಕರೆ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ತೂಕ ಹಾಕಿಸಲು ನಿಲ್ಲದೆ ಹೋದರೆ 40,000.

ಮೆಷಿನ್ ತೂಕ ಒಂದು ಕಡೆಗೇ ಜಾಸ್ತಿ ಇರಬಹುದು. ಒಟ್ಟು ತೂಕ ಸರಿಯಿದ್ದರೂ ಹಿಂದಿನ ಆಕ್ಸಲ್ ಮೇಲೆ ಎಲ್ಲ ಕೂತಿದ್ದರೆ ಓವರ್‌ಲೋಡೇ. ಭಾರದ ನಡು ಎಲ್ಲಿದೆ ಅಂತ ಫ್ಯಾಕ್ಟರಿಯವರಿಂದ ಮೆಷಿನ್ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿ. ಟ್ರೈಲರ್‌ಗೆ ಬೇರೆ ರಿಜಿಸ್ಟ್ರೇಷನ್ ನಂಬರ್ ಇರುತ್ತದೆ, ಮರೆಯಬೇಡಿ. ಎಳೆಯುವ ಗಾಡಿಯ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಸರಿಯಿದ್ದು, ಟ್ರೈಲರ್‌ನದು ಮುಗಿದುಹೋಗಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ದಾರಿ ನೋಡಿಕೊಂಡು ಬನ್ನಿ, ಮ್ಯಾಪಿನಲ್ಲಿ ಅಲ್ಲ

ಈ ಕೆಲಸಕ್ಕೆ ಬೈಕೇ ಸರಿ. ಒಬ್ಬರು ಓಡಿಸಬೇಕು, ಹಿಂದೆ ಕೂತವರು ಬರೆದುಕೊಳ್ಳಬೇಕು. ಒಂದು ಉದ್ದ ಬೊಂಬಿಗೆ ಲೋಡ್‌ನ ಎತ್ತರದಷ್ಟು ಗುರುತು, ಅದರ ಮೇಲೆ ಅರ್ಧ ಮೀಟರ್‌ಗೆ ಇನ್ನೊಂದು ಗುರುತು ಹಾಕಿಕೊಳ್ಳಿ. ಸೇತುವೆ ಕೆಳಗೆ ನಿಲ್ಲಿಸಿ ನೋಡಿ. ವಿದ್ಯುತ್ ತಂತಿ ಹತ್ತಿರ ಮಾತ್ರ ಬೊಂಬು ಎತ್ತಲೇಬೇಡಿ. ಒದ್ದೆ ಬೊಂಬಿನಲ್ಲಿ ಕರೆಂಟ್ ಹರಿಯುತ್ತದೆ.

ತಂತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರಸ್ತೆ ದಾಟುವ ಲೋ ಟೆನ್ಷನ್ ತಂತಿ ನೆಲದಿಂದ ಕನಿಷ್ಠ 5.8 ಮೀಟರ್, 11 ಕೆವಿ ತಂತಿ 6.1 ಮೀಟರ್ ಎತ್ತರದಲ್ಲಿರಬೇಕು ಅನ್ನುವುದು ನಿಯಮ. ಬೆಂಗಳೂರಿನಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮೇಲೆದ್ದಿರುತ್ತದೆ, ತಂತಿ ಜೋತುಬಿದ್ದಿರುತ್ತದೆ. ಅದಕ್ಕಿಂತ ಕೆಳಗೆ ಕೇಬಲ್ ಟಿವಿ, ಇಂಟರ್ನೆಟ್ ವೈರುಗಳ ಗೋಜಲು. ಕ್ಲೀನರ್ ಲೋಡ್ ಮೇಲೆ ಹತ್ತಿ ಕೋಲಿನಿಂದ ವೈರು ಎತ್ತುವುದು ನಮ್ಮಲ್ಲಿ ಮಾಮೂಲು. ದಯವಿಟ್ಟು ನಿಲ್ಲಿಸಿ. ಇಂಟರ್ನೆಟ್ ವೈರು ಯಾವುದು, ಲೈವ್ ತಂತಿ ಯಾವುದು ಅಂತ ಕತ್ತಲಲ್ಲಿ ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಕಡಿಮೆ ಎತ್ತರದ ತಂತಿ ಇರುವ ಜಾಗ ಬರೆದುಕೊಂಡು ಮುಂಚೆಯೇ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಪತ್ರ ಕೊಡಿ. ಲೈನ್ ಆಫ್ ಮಾಡಿಸಿ, ಅವರ ಲೈನ್‌ಮ್ಯಾನ್ ಇದ್ದಾಗಲೇ ದಾಟಿ. ದಾರಿಯಲ್ಲಿ ತಂತಿ ಹರಿದುಬಿದ್ದರೆ ಯಾರೂ ಗಾಡಿಯಿಂದ ಕೆಳಗಿಳಿಯದೆ 1912ಕ್ಕೆ ಫೋನ್ ಮಾಡಿ.

ರೈಲ್ವೆ ಗೇಟ್ ಇದ್ದರೆ ಎರಡೂ ಬದಿ ನಿಲ್ಲಿಸಿದ ಕಬ್ಬಿಣದ ಕಮಾನು ನೋಡಿ. ವಿದ್ಯುತ್ ರೈಲು ಮಾರ್ಗದಲ್ಲಿ ಅದು ಸಾಮಾನ್ಯವಾಗಿ 4.67 ಮೀಟರ್ ಎತ್ತರ ಇರುತ್ತದೆ. ಅದರ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಕಮಾನಿಗೆ ತಾಗುವ ಲೋಡ್‌ಗೆ ರೈಲ್ವೆಯವರ ಅನುಮತಿ ಇಲ್ಲದೆ ಹತ್ತಿರವೂ ಹೋಗಬೇಡಿ.

ಊರೊಳಗಿನ ಹಳೇ ರೈಲ್ವೆ ಅಂಡರ್‌ಪಾಸ್‌ಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಫ್ಲೈಓವರ್ ಮೇಲೆ ಹೋಗುವುದಕ್ಕಿಂತ ಕೆಳಗಿನ ರಸ್ತೆ ಒಳ್ಳೆಯದು. ಪೀಣ್ಯದ ಎಲಿವೇಟೆಡ್ ರಸ್ತೆಯನ್ನೇ ನೋಡಿ. ಕೇಬಲ್ ಕೆಟ್ಟಿದ್ದು ಗೊತ್ತಾಗಿ 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಹೆವಿ ಗಾಡಿಗಳನ್ನು ಮತ್ತೆ ಬಿಟ್ಟಿದ್ದು 2024ರ ಜುಲೈ ಕೊನೆಗೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಹೋಗಬೇಕಾದರೆ ನೈಸ್ ರಸ್ತೆ ಇದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯದಾದರೆ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಇದೆ. ಊರೊಳಗೆ ಬರುವ ಯೋಚನೆಯನ್ನೇ ಮಾಡಬೇಡಿ. ಟೋಲ್ ಗೇಟ್‌ನಲ್ಲಿ ಕೊನೆಯ ಅಗಲದ ಲೇನ್ ಎಷ್ಟು ಮೀಟರ್ ಅಂತ ಟೇಪ್ ಹಿಡಿದು ಬರೆದುಕೊಳ್ಳಿ. ತಿರುವಿನಲ್ಲಿ ಲೋ-ಬೆಡ್‌ನ ಹಿಂದಿನ ಚಕ್ರ ಒಳಕ್ಕೆ ಕತ್ತರಿಸುತ್ತದೆ. ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಕಂಬವೋ ಎಳನೀರಿನ ಗಾಡಿಯೋ ಇದ್ದರೆ ಅದನ್ನೂ ಬರೆಯಿರಿ.

ದಾರಿ ನೋಡುವ ಕೆಲಸ ಎಷ್ಟು ದೊಡ್ಡದು ಅನ್ನುವುದಕ್ಕೆ ಈಜಿಪುರದ ಕೋದಂಡರಾಮ ದೇವಸ್ಥಾನದ ಕಲ್ಲನ್ನು ನೆನಪು ಮಾಡಿಕೊಳ್ಳಿ. ತಮಿಳುನಾಡಿನ ವಂದವಾಸಿ ಕಡೆಯಿಂದ 300 ಟನ್ನಿಗೂ ಮೀರಿದ ಒಂದೇ ಶಿಲೆ, 240 ಚಕ್ರದ ಟ್ರೈಲರ್ ಮೇಲೆ ಬಂತು. 2018ರ ಕೊನೆಗೆ ಹೊರಟದ್ದು ಬೆಂಗಳೂರು ಮುಟ್ಟಿದ್ದು 2019ರ ಮಧ್ಯಭಾಗಕ್ಕೆ. ಸೇತುವೆ ತಡೆಯದ ಕಡೆ ಪಕ್ಕದಲ್ಲಿ ಮಣ್ಣಿನ ರಸ್ತೆ ಹಾಕಿ ದಾಟಿಸಿದರು. ನಮ್ಮ ಲೋಡ್ ಅಷ್ಟು ದೊಡ್ಡದಲ್ಲ, ನಿಜ. ಸೇತುವೆ ಮುಂದೆ ನಿಂತಾಗ ಬರುವ ತಲೆನೋವು ಒಂದೇ ಜಾತಿಯದು.

ಅನುಮತಿ ಯಾರಿಂದ?

ಒಂದೇ ಕಿಟಕಿಯಲ್ಲಿ ಎಲ್ಲ ಮುಗಿಯುತ್ತದೆ ಅಂದುಕೊಳ್ಳಬೇಡಿ.

ರಾಷ್ಟ್ರೀಯ ಹೆದ್ದಾರಿ ಮೇಲೆ, ಅದರಲ್ಲೂ ಸೇತುವೆ ಮೇಲೆ ಭಾರದ ಲೋಡ್ ಹೋಗಬೇಕಾದರೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಆನ್‌ಲೈನ್ ಪೋರ್ಟಲ್ ಇದೆ. ಓವರ್‌ವೇಟ್, ಓವರ್ ಡೈಮೆನ್ಷನ್ ಎರಡಕ್ಕೂ ಅಲ್ಲೇ ಅರ್ಜಿ. ರಾಜ್ಯದ ಕಡೆಯಿಂದ ಸಾರಿಗೆ ಇಲಾಖೆ. ನಿಮ್ಮ ಗಾಡಿ ರಿಜಿಸ್ಟರ್ ಆದ ಆರ್‌ಟಿಓದಲ್ಲೇ ಮೊದಲು ಕೇಳಿ, ಯಶವಂತಪುರವೋ ನೆಲಮಂಗಲವೋ ಎಲೆಕ್ಟ್ರಾನಿಕ್ ಸಿಟಿಯೋ. ಫೈಲ್ ಮೇಲಕ್ಕೆ ಹೋಗಬೇಕಾದರೆ ಆಯುಕ್ತರ ಕಚೇರಿ ಇರುವುದು ಶಾಂತಿನಗರದ ಟಿಟಿಎಂಸಿ ಕಟ್ಟಡದಲ್ಲಿ. ಬೆಂಗಳೂರು ನಗರದೊಳಗೆ ಗಾಡಿ ತಿರುಗಬೇಕಾದರೆ ಟ್ರಾಫಿಕ್ ಪೊಲೀಸರ ಅನುಮತಿ ಬೇರೆ. ಹೆವಿ ಗಾಡಿಗೆ ನಿಷೇಧ ಇರುವ ಹೊತ್ತು, ರಸ್ತೆ ಎರಡನ್ನೂ ಅವರೇ ಹೇಳಬೇಕು. ಮರದ ಕೊಂಬೆ ಅಡ್ಡ ಬಂದರೆ ನೀವೇ ಕಡಿಯುವಂತಿಲ್ಲ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಬರೆಯಬೇಕು. ಹೊಸೂರು ಕಡೆಯ ಗಡಿ ದಾಟಿದರೆ ತಮಿಳುನಾಡಿನ ಅನುಮತಿ ಬೇರೆ. ನಮ್ಮ ಪತ್ರ ಅತ್ತಿಬೆಲೆಯ ಆಚೆ ನಡೆಯುವುದಿಲ್ಲ.

ಅರ್ಜಿ ಜೊತೆ ಇಡಬೇಕಾದ ಕಾಗದಗಳನ್ನು ಒಂದೇ ಫೈಲ್‌ನಲ್ಲಿ ಜೋಡಿಸಿ. ಎಳೆಯುವ ಗಾಡಿ ಮತ್ತು ಟ್ರೈಲರ್ ಎರಡರದೂ ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್. ಮೆಷಿನ್‌ನ ಡ್ರಾಯಿಂಗ್. ಟ್ರೈಲರ್ ಮೇಲೆ ಲೋಡ್ ಕೂತಾಗ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ ಅನ್ನುವ ಚಿತ್ರ, ಅಳತೆ ಸಮೇತ. ಒಂದೊಂದು ಆಕ್ಸಲ್ ಮೇಲೆ ಎಷ್ಟು ಟನ್ ಅನ್ನುವ ಪಟ್ಟಿ. ಇನ್‌ವಾಯ್ಸ್. ಭಾಗ ಮಾಡಲಾಗದು ಅನ್ನುವ ಪತ್ರ. ರಸ್ತೆ, ಸೇತುವೆಗೆ ಹಾನಿಯಾದರೆ ಕಟ್ಟಿಕೊಡುತ್ತೇವೆ ಅನ್ನುವ ಮುಚ್ಚಳಿಕೆ. ದಾರಿಯನ್ನು ಬರೆಯುವಾಗ "ಬೆಂಗಳೂರಿನಿಂದ ಹುಬ್ಬಳ್ಳಿಗೆ" ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ಜಿಗಣಿ, ನೈಸ್ ರಸ್ತೆ, ಮಾದಾವರ, ನೆಲಮಂಗಲ, ದಾಬಸ್‌ಪೇಟೆ, ತುಮಕೂರು ಅಂತ ಊರೂರಿನ ಹೆಸರು ಹಾಕಿ. ಪತ್ರದಲ್ಲಿ ಇಲ್ಲದ ರಸ್ತೆಗೆ ಅಡ್ಡದಾರಿ ಅಂತ ನುಗ್ಗಿದರೆ ಆ ಪತ್ರ ಇದ್ದೂ ಇಲ್ಲದ ಹಾಗೆ.

ಪತ್ರ ಕೈಗೆ ಬಂದ ಕೂಡಲೇ ಷರತ್ತುಗಳನ್ನು ಓದಿ. ಯಾವ ಹೊತ್ತು, ಎಷ್ಟು ವೇಗ, ಎಷ್ಟು ಪೈಲಟ್ ಗಾಡಿ (ಲೋಡ್ ಜೊತೆಗೇ ಹೋಗಿ ದಾರಿ ನೋಡಿ ಹೇಳುವ ಗಾಡಿ), ಎಷ್ಟನೇ ತಾರೀಖಿನ ತನಕ, ಎಲ್ಲ ಅದರಲ್ಲೇ ಇರುತ್ತದೆ. ಓದಿ ಡ್ರೈವರ್‌ಗೆ ಅವನ ಭಾಷೆಯಲ್ಲಿ ಹೇಳಿ. ಎಷ್ಟೋ ಸಲ ಪತ್ರ ಡ್ಯಾಶ್‌ಬೋರ್ಡ್ ಮೇಲಿರುತ್ತದೆ, ಅದರಲ್ಲಿ ಏನಿದೆ ಅಂತ ಓಡಿಸುವವನಿಗೇ ಗೊತ್ತಿರುವುದಿಲ್ಲ.

ಇ-ವೇ ಬಿಲ್‌ನ ಒಂದು ಗುಂಡಿ

ಸಣ್ಣ ವಿಷಯ, ಆದರೆ ದುಬಾರಿ. ಇ-ವೇ ಬಿಲ್ ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ. ಅದನ್ನು ಮಾಡುವಾಗ ವಾಹನದ ಬಗೆ ಕೇಳುತ್ತದೆ, ರೆಗ್ಯುಲರ್ ಅಥವಾ ಓವರ್ ಡೈಮೆನ್ಷನಲ್ ಕಾರ್ಗೋ. ಅಭ್ಯಾಸಬಲದಿಂದ ರೆಗ್ಯುಲರ್ ಒತ್ತಿಬಿಡುತ್ತೇವೆ. ಮಾಮೂಲಿ ಲೋಡ್‌ಗೆ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ. ಓ.ಡಿ.ಸಿ.ಗೆ 20 ಕಿಲೋಮೀಟರ್‌ಗೆ ಒಂದು ದಿನ. 400 ಕಿಲೋಮೀಟರ್ ದಾರಿಗೆ ರೆಗ್ಯುಲರ್ ಆದರೆ ಎರಡೇ ದಿನ, ಓ.ಡಿ.ಸಿ. ಆದರೆ ಇಪ್ಪತ್ತು ದಿನ. ನಿಮ್ಮ ಲೋ-ಬೆಡ್ ಎರಡು ದಿನದಲ್ಲಿ ಎಲ್ಲಿ ಮುಟ್ಟೀತು? ಅವಧಿ ಮುಗಿಯುವ ಮುಂಚಿನ ಎಂಟು ಗಂಟೆಯಲ್ಲಿ ಅಥವಾ ಮುಗಿದ ಮೇಲೆ ಎಂಟು ಗಂಟೆ ಒಳಗೆ ವಿಸ್ತರಿಸಿಕೊಳ್ಳಬಹುದು. ಗಾಡಿ ಕೆಟ್ಟು ನಿಂತಾಗ ಅದು ನೆನಪಿರಲಿ.

ಈಗ ಬಾವುಟ

ಬಾವುಟದ ಕೆಲಸ ಒಂದೇ. ಲೋಡ್ ಎಲ್ಲಿಗೆ ಮುಗಿಯುತ್ತದೆ ಅಂತ ಹಿಂದಿನವರಿಗೂ ಎದುರಿನವರಿಗೂ ತೋರಿಸುವುದು. ಹಾಗಾಗಿ ಅದು ತುತ್ತತುದಿಯಲ್ಲೇ ಇರಬೇಕು. ಅಗಲ ಜಾಸ್ತಿ ಇದ್ದರೆ ಲೋಡ್‌ನ ನಾಲ್ಕೂ ಮೂಲೆಗೆ, ಅತಿ ಹೆಚ್ಚು ಚಾಚಿದ ಜಾಗಕ್ಕೆ ಕಟ್ಟಿ. ಹಿಂದಕ್ಕೆ ಚಾಚಿದ್ದರೆ ತುದಿಯ ಎರಡೂ ಬದಿಗೆ ಒಂದೊಂದು.

ಎಷ್ಟು ದೊಡ್ಡದಿರಬೇಕು? ನಾನು ಅಮೆರಿಕದ ಅಳತೆ ಇಟ್ಟುಕೊಂಡಿದ್ದೇನೆ. ಅಲ್ಲಿ ಬಾವುಟ ಕನಿಷ್ಠ 18 ಇಂಚು ಚೌಕ ಇರಬೇಕು, ಕೆಂಪು ಅಥವಾ ಕಿತ್ತಳೆ ಬಣ್ಣ, ಹೊಳೆಯುವಂಥದ್ದು. ಪಕ್ಕಕ್ಕೆ ನಾಲ್ಕು ಇಂಚು ಅಥವಾ ಹಿಂದಕ್ಕೆ ನಾಲ್ಕು ಅಡಿ ಮೀರಿದರೆ ಕಟ್ಟಲೇಬೇಕು. ಹಿಂದೆ ಚಾಚಿದ್ದು ಎರಡು ಅಡಿಗಿಂತ ಅಗಲವಿದ್ದರೆ ಒಂದು ಸಾಲದು, ಎರಡು ಬೇಕು. ನಮ್ಮ ಅನುಮತಿ ಪತ್ರದಲ್ಲಿ ಬೇರೆ ಅಳತೆ ಇದ್ದರೆ ಅದೇ ನಡೆಯಬೇಕು. ಬರೀ "ಕೆಂಪು ಬಾವುಟ" ಅಂತಿದ್ದರೆ ಈ 18 ಇಂಚು ಒಳ್ಳೆಯ ಲೆಕ್ಕ. ಚಿಕ್ಕಪೇಟೆಯಲ್ಲಿ ದಪ್ಪ ಕಾಟನ್ ಬಟ್ಟೆ ಮೀಟರ್ ಲೆಕ್ಕದಲ್ಲಿ ತಂದು, ಅಂಚು ಹೊಲಿಸಿ, ಮೂಲೆಗೆ ರಿಂಗ್ ಹಾಕಿಸಿ. ಹೊಲಿಸದ ಬಟ್ಟೆ ತುಮಕೂರು ಮುಟ್ಟುವಷ್ಟರಲ್ಲಿ ನೂಲು ನೂಲಾಗಿರುತ್ತದೆ. ಎರಡು ಮೂಲೆಗೆ ಬಿಗಿಯಾಗಿ ಕಟ್ಟಿ, ಕೆಳಗಿನ ಎರಡು ಬಿಡಿ. ಗಾಳಿಗೆ ಆಡಿದರೇನೇ ಕಣ್ಣಿಗೆ ಬೀಳುವುದು. ಟೂಲ್‌ಬಾಕ್ಸ್‌ನಲ್ಲಿ ಇನ್ನೊಂದು ಜೊತೆ ಒಗೆದದ್ದು ಇರಲಿ.

ನವೆಂಬರ್‌ನಲ್ಲಿ ಹಳದಿ-ಕೆಂಪು ರಾಜ್ಯೋತ್ಸವದ ಬಾವುಟ ಎಲ್ಲ ಲಾರಿಯ ಮೇಲೂ ಹಾರುತ್ತದೆ. ಸಂತೋಷ. ಆದರೆ ಲೋಡ್‌ನ ತುದಿಗೆ ಅದನ್ನೇ ಕಟ್ಟಿ "ಕೆಂಪು ಇದೆಯಲ್ಲ" ಅನ್ನಬೇಡಿ, ಜನ ಅಭಿಮಾನ ಅಂದುಕೊಳ್ಳುತ್ತಾರೆ, ಎಚ್ಚರಿಕೆ ಅಂದುಕೊಳ್ಳುವುದಿಲ್ಲ. ಆಯುಧಪೂಜೆಗೆ ಕಟ್ಟಿದ ಬಾಳೆಕಂದು ಹಿಂದಿನ ದೀಪಕ್ಕೆ ಅಡ್ಡ ಬಂದಿದ್ದರೆ ಅದನ್ನೂ ಬಿಚ್ಚಿ.

ಕತ್ತಲಾದ ಮೇಲೆ ಬಟ್ಟೆ ಇದ್ದರೂ ಇಲ್ಲದಿದ್ದರೂ ಒಂದೇ. ಸಂಜೆ ಆರೂವರೆಗೆ ಟ್ರೈಲರ್ ಹಿಂದೆ ಐವತ್ತು ಹೆಜ್ಜೆ ನಡೆದುಹೋಗಿ ತಿರುಗಿ ನೋಡಿ. ಕೆಂಪು ಬಟ್ಟೆ ಕಪ್ಪಾಗಿ ಕಾಣುತ್ತದೆ. ಚಾಚಿದ ತುದಿಗಳಿಗೆ ದೀಪ ಬೇಕು. ಹಿಂದಕ್ಕೆ ಕೆಂಪು. ಮುಂದಕ್ಕೆ ಕಾಣುವ ಕಡೆ ಕೆಂಪು ದೀಪ ಹಾಕುವಂತಿಲ್ಲ, ಎದುರಿನವರು ಅದು ಮುಂದೆ ಹೋಗುತ್ತಿರುವ ಗಾಡಿಯ ಹಿಂಭಾಗ ಅಂದುಕೊಂಡು ಬಂದುಬಿಡುತ್ತಾರೆ. ರಿಫ್ಲೆಕ್ಟರ್ ಟೇಪಿಗೂ ಬಣ್ಣದ ಕ್ರಮ ಇದೆ: ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಟ್ರೈಲರ್‌ಗೆ ಟೇಪ್ ಅಂಟಿಸಿ, ಲೋಡ್ ಅದನ್ನು ಮುಚ್ಚಿಬಿಟ್ಟಿದ್ದರೆ ಲೋಡ್‌ಗೂ ಅಂಟಿಸಿ. ಟೇಪ್ ಮೇಲಿನ ಧೂಳನ್ನು ಪ್ರತಿ ಟೀ ಸ್ಟಾಪಿನಲ್ಲಿ ಒರೆಸುವುದು ಕ್ಲೀನರ್ ಕೆಲಸ.

ಬೋರ್ಡ್ ಹಿಂದೆ ಮುಂದೆ ಎರಡೂ ಕಡೆ. ಹಳದಿ ಮೇಲೆ ಕಪ್ಪು ಅಕ್ಷರ, "ಅಗಲವಾದ ಲೋಡ್, ದೂರವಿರಿ" ಅಂತ ಕನ್ನಡದಲ್ಲಿ ಮತ್ತು ಇಂಗ್ಲಿಷ್‌ನಲ್ಲಿ. ಗಡಿ ದಾಟುವುದಾದರೆ ಆ ಊರಿನ ಭಾಷೆಯಲ್ಲೂ. ಕವಿತೆ, ಎರಡು ಕಣ್ಣು, ಅಮ್ಮನ ಆಶೀರ್ವಾದ ಎಲ್ಲ ಬೇರೆ ಜಾಗದಲ್ಲಿರಲಿ.

ಕಟ್ಟುವುದು

ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ನಡುವೆ ಮರ ಅಥವಾ ರಬ್ಬರ್ ಕೊಡಿ. ನಾಲ್ಕು ಮೂಲೆಗೂ ಚೈನ್, ಅದನ್ನು ಬಿಗಿಯುವ ಬೈಂಡರ್. ಹಗ್ಗ ಟಾರ್ಪಾಲಿಗೆ ಮಾತ್ರ. ಮೊದಲ 20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ, ಆ ಹೊತ್ತಿಗೆ ಎಲ್ಲ ಸಡಿಲವಾಗಿರುತ್ತದೆ.

ಹೊರಟ ಮೇಲೆ

ಪೈಲಟ್ ಗಾಡಿಯವನು ಮುಂದೆ ಓಡಿಹೋಗಿ ಟೀ ಕುಡಿಯುತ್ತಾ ಕಾಯುವವನಾದರೆ ಅವನಿಂದ ಪ್ರಯೋಜನವಿಲ್ಲ. ಕಣ್ಣಿಗೆ ಕಾಣುವ ದೂರದಲ್ಲೇ ಇರಬೇಕು, ಡ್ರೈವರ್ ಜೊತೆ ಮಾತಾಡುತ್ತಲೇ ಇರಬೇಕು: "ಎಡಕ್ಕೆ ಆಟೋ ನಿಂತಿದೆ, ಬಲಕ್ಕೆ ತಗೋ", "ಹಂಪ್ ಇದೆ, ನಿಧಾನ". ಮಾತು ಡ್ರೈವರ್ ಬದಲು ಪಕ್ಕದಲ್ಲಿ ಕೂತ ಕ್ಲೀನರ್ ಫೋನಿಗೆ ಬರಲಿ. ಪೈಲಟ್ ಗಾಡಿಗೆ ಕೆಂಪು-ನೀಲಿ ದೀಪ ಹಾಕಿಕೊಂಡು ಪೊಲೀಸರಂತೆ ಮೆರೆಯಬೇಡಿ, ಅದು ತುರ್ತು ಸೇವೆಯ ಗಾಡಿಗಳದ್ದು.

ಭಾರದ ಲೋಡ್ ಸೇತುವೆ ದಾಟುವ ಕ್ರಮವೇ ಬೇರೆ. ನಮ್ಮ ದೇಶದ ಸೇತುವೆ ವಿನ್ಯಾಸದ ಸಂಹಿತೆ ಐಆರ್‌ಸಿ 6ರಲ್ಲಿ 385 ಟನ್ನಿನ ವಿಶೇಷ ವಾಹನವೊಂದರ ಲೆಕ್ಕ ಇದೆ. ಅದು ಸೇತುವೆಯ ನಡುಗೆರೆಯಿಂದ 300 ಮಿಲಿಮೀಟರ್ ಒಳಗೇ, ಗಂಟೆಗೆ 5 ಕಿಲೋಮೀಟರ್ ಮೀರದೆ, ಬೇರೆ ಯಾವ ಗಾಡಿಯೂ ಇಲ್ಲದಾಗ ದಾಟಬೇಕು ಅಂತ ಆ ಲೆಕ್ಕ. 5 ಕಿಲೋಮೀಟರ್ ಅಂದರೆ ಮನುಷ್ಯ ನಡೆಯುವ ವೇಗ. ನಿಮ್ಮದು 60 ಟನ್ನಿನ ಲೋಡ್ ಆದರೂ ಅದೇ ಅಭ್ಯಾಸ ಒಳ್ಳೆಯದು. ಪೈಲಟ್ ಹಿಂದಿನ ಗಾಡಿಗಳನ್ನು ತಡೆಯಲಿ, ನೀವು ಮಧ್ಯದಲ್ಲಿ ನಿಧಾನವಾಗಿ, ಬ್ರೇಕ್ ಒತ್ತದೆ, ಗೇರ್ ಬದಲಿಸದೆ ದಾಟಿ. ಸೇತುವೆ ಮೇಲೆ ನಿಂತು ಫೋಟೋ ತೆಗೆಯಬೇಡಿ.

ಗಾಡಿ ಕೆಟ್ಟರೆ ತ್ರಿಕೋನದ ರಿಫ್ಲೆಕ್ಟರ್ ಹಿಂದೆ ದೂರದಲ್ಲಿಡಿ. ಕಲ್ಲು, ಸೊಪ್ಪಿನ ಕೊಂಬೆ ಇಡುವುದು ನಮ್ಮ ಹಳೇ ಚಾಳಿ. ಹೊರಡುವಾಗ ಆ ಕಲ್ಲನ್ನು ಯಾರೂ ತೆಗೆಯುವುದಿಲ್ಲ, ರಾತ್ರಿ ಬೈಕಿನವನು ಬೀಳುತ್ತಾನೆ.

ತಡೆದು ನಿಲ್ಲಿಸಿದರೆ ಇಳಿದು ಹೋಗಿ ಫೈಲ್ ಕೊಡಿ. ಮೇಲೆ ಅನುಮತಿ ಪತ್ರ, ಅದರ ಕೆಳಗೆ ಟೇಪ್ ಹಿಡಿದು ತೆಗೆದ ಫೋಟೋದ ಪ್ರಿಂಟ್, ಆಮೇಲೆ ಉಳಿದದ್ದು. "ಸಾರ್, ಅಗಲ 3.2, ಎತ್ತರ 3.9, ಪತ್ರದಲ್ಲೂ ಅಷ್ಟೇ ಇದೆ" ಅಂತ ನೀವೇ ಮೊದಲು ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಇಳಿಸಿದ ಮೇಲೆ

ಖಾಲಿ ಗಾಡಿ ವಾಪಸ್ ಬರುವಾಗ ಬಾವುಟ, ಬೋರ್ಡ್, ತುದಿಯ ದೀಪ ಎಲ್ಲ ಬಿಚ್ಚಿ. ಅಗಲ ಮಾಡಲು ಹೊರಗೆಳೆದ ಚಾಚುಗಳಿದ್ದರೆ ಒಳಗೆ ತಳ್ಳಿ ಪಿನ್ ಹಾಕಿ, ಅದನ್ನು ಮರೆತು ಖಾಲಿ ಟ್ರೈಲರ್‌ಗೇ ದಂಡ ಕಟ್ಟಿದವರಿದ್ದಾರೆ. ಅನುಮತಿ ಪತ್ರವನ್ನು ಬಿಸಾಡಬೇಡಿ. ಕ್ಯಾಮೆರಾ ಹಿಡಿದ ಇ-ಚಲನ್ ಕೆಲವು ವಾರ ಬಿಟ್ಟು ಬಂದದ್ದೂ ಉಂಟು. ಪತ್ರ, ಫೋಟೋ, ಇ-ವೇ ಬಿಲ್ ಮೂರನ್ನೂ ಸ್ಟೇಪಲ್ ಮಾಡಿ ಗಾಡಿ ನಂಬರ್ ಬರೆದು ಎತ್ತಿಡಿ. ಬಾವುಟಗಳನ್ನು ಸೋಪಿನಲ್ಲಿ ನೆನೆಹಾಕಿ, ಗ್ರೀಸ್ ಒಂದೇ ಒಗೆತಕ್ಕೆ ಹೋಗುವುದಿಲ್ಲ.